ಶಾಕ್ ಕಾರಿನದಲ್ಲ, ನಿಮ್ಮದೇ

ಫೆಬ್ರುವರಿಯ ಮಧ್ಯಾಹ್ನ. ಹುಬ್ಬಳ್ಳಿಯಿಂದ ಹೊರಟ ಕಾರೊಂದು ಚಿತ್ರದುರ್ಗ ದಾಟಿ, ಹಿರಿಯೂರಿನ ಹತ್ತಿರ ಹೆದ್ದಾರಿ ಪಕ್ಕದ ಹೋಟೆಲ್ ಮುಂದೆ ನಿಲ್ಲುತ್ತದೆ. ಹೊರಗೆ ಗಂಟಲು ಒಣಗಿಸುವ ಗಾಳಿ. ಒಳಗೆ ಹೊರಟಾಗಿನಿಂದ ಓಡುತ್ತಲೇ ಇರುವ ಎ.ಸಿ. ಯಜಮಾನರು ಸೀಟಿನಿಂದ ಜಾರಿಕೊಂಡು ಇಳಿದು, ಬಾಗಿಲು ಹಾಕಲು ಕೈ ಚಾಚುತ್ತಾರೆ. ಚಟ್! ಕೈ ತಾನಾಗಿ ಹಿಂದಕ್ಕೆ ಹಾರುತ್ತದೆ. ಹಿಂದಿನ ಸೀಟಿನಿಂದ ಪಾಲಿಯೆಸ್ಟರ್ ಸೀರೆಯ ನೆರಿಗೆ ಸರಿಪಡಿಸಿಕೊಳ್ಳುತ್ತ ಇಳಿದ ಅತ್ತೆಯವರಿಗೂ ಅದೇ ಚುರುಕು. ಮಗುವನ್ನು ಎತ್ತಿಕೊಳ್ಳಲು ಬಗ್ಗಿದ ತಾಯಿಯ ಬೆರಳು ಮಗುವಿನ ಕೆನ್ನೆಗೆ ತಾಗುತ್ತಲೇ ಇಬ್ಬರೂ ಬೆಚ್ಚುತ್ತಾರೆ. ಮಗು ಮಾತ್ರ ಬಾಯಿಬಿಟ್ಟು ಅಳುತ್ತದೆ.

ಪಕ್ಕದ ಕಾರಿನವರು ಇಂಥ ಹೊತ್ತಿಗೆ ಕೊಡುವ ಸಲಹೆ ರಾಜ್ಯದುದ್ದಕ್ಕೂ ಒಂದೇ: “ಬ್ಯಾಟರಿ ವೈರ್ ಎಲ್ಲೋ ಬಾಡಿಗೆ ತಾಗ್ತಿದೆ ಸಾರ್, ಗ್ಯಾರೇಜಿಗೆ ತೋರಿಸಿಬಿಡಿ.”

ಗ್ಯಾರೇಜಿನಲ್ಲಿ ಏನೂ ಸಿಗುವುದಿಲ್ಲ, ಸಿಗಬೇಕಾದ್ದೂ ಇಲ್ಲ. ಬ್ಯಾಟರಿಯ ಋಣ ತುದಿಯನ್ನು ಕಾರಿನ ಬಾಡಿಗೆ ಕಾರ್ಖಾನೆಯಲ್ಲೇ ಬೇಕೆಂದು ಜೋಡಿಸಿರುತ್ತಾರೆ. ಅದರ 12 ವೋಲ್ಟ್ ಒತ್ತಡಕ್ಕೆ ಒಣ ಚರ್ಮವನ್ನು ದಾಟಿ ನಮ್ಮನ್ನು ಬೆಚ್ಚಿಬೀಳಿಸುವ ತಾಕತ್ತಿಲ್ಲ. ಎಲೆಕ್ಟ್ರಿಕ್ ಕಾರು ಕೊಂಡವರಿಗೆ ಈ ಚಟ್ ಕೇಳಿದಾಗ ಎದೆ ಇನ್ನೂ ಜೋರಾಗಿ ಹೊಡೆದುಕೊಳ್ಳುತ್ತದೆ, ಕಾಲ ಕೆಳಗೇ ನೂರಾರು ವೋಲ್ಟಿನ ಬ್ಯಾಟರಿ ಇದೆಯಲ್ಲ ಎಂದು. ಆ ಬ್ಯಾಟರಿಯ ಎರಡು ತುದಿಗಳಲ್ಲಿ ಒಂದನ್ನೂ ಬಾಡಿಗೆ ಜೋಡಿಸಿರುವುದಿಲ್ಲ; ಎಲ್ಲಾದರೂ ಸೋರಿಕೆ ಕಂಡರೆ ಎಚ್ಚರಿಸುವ ವ್ಯವಸ್ಥೆಯೂ ಒಳಗಿರುತ್ತದೆ. ಪೆಟ್ರೋಲ್ ಕಾರು, ಡೀಸೆಲ್ ಕಾರು, ಎಲೆಕ್ಟ್ರಿಕ್ ಕಾರು ಯಾವುದೇ ಇರಲಿ, ಇಳಿಯುವಾಗ ಹೊಡೆಯುವ ಶಾಕ್ ಎಂಜಿನ್ನಿನಿಂದಲೋ ಬ್ಯಾಟರಿಯಿಂದಲೋ ಬಂದದ್ದಲ್ಲ. ಅದನ್ನು ಹೊತ್ತು ಇಳಿದವರು ನಾವು.

ಅನುಮಾನವಿದ್ದರೆ ಪರೀಕ್ಷಿಸಬಹುದು. ಕಾರು ನಿಂತು ಅರೆ ನಿಮಿಷವಾದ ಮೇಲೆ ಹೊರಗೆ ನಿಂತಿರುವ ಯಾರನ್ನಾದರೂ ಬಾಡಿ ಮುಟ್ಟಲು ಹೇಳಿ. ಅವರಿಗೆ ಏನೂ ಆಗುವುದಿಲ್ಲ. ಆಮೇಲೆ ನೀವು ಯಾವ ಲೋಹವನ್ನೂ ಮುಟ್ಟದೆ ಇಳಿದು ಅವರತ್ತ ಬೆರಳು ಚಾಚಿ. ಕಾರಿನ ಹಂಗೇ ಇಲ್ಲದೆ ಇಬ್ಬರಿಗೂ ಚಟ್ ಎನ್ನುತ್ತದೆ. (ಪರೀಕ್ಷೆಗೆ ಸ್ನೇಹಿತರನ್ನು ಆರಿಸಿಕೊಳ್ಳುವುದು ಒಳ್ಳೆಯದು.)

ಎದ್ದೇಳುವ ಆ ಒಂದು ಕ್ಷಣ

ಎರಡು ಬೇರೆ ಬೇರೆ ವಸ್ತುಗಳು ಒತ್ತಿಕೊಂಡು ಬಿಟ್ಟಾಗ ಒಂದರ ಮೇಲಿನ ಒಂದಿಷ್ಟು ವಿದ್ಯುದಾವೇಶ ಇನ್ನೊಂದಕ್ಕೆ ಅಂಟಿಕೊಂಡು ಹೋಗುತ್ತದೆ. ಒಂದು ಧನವಾಗುತ್ತದೆ, ಮತ್ತೊಂದು ಋಣ. ಶಾಲೆಯಲ್ಲಿ ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರು ಎತ್ತಿದವರಿಗೆಲ್ಲ ಇದು ಗೊತ್ತು. ಕಾರಿನಲ್ಲಿ ಬಾಚಣಿಗೆಯ ಪಾತ್ರ ಸೀಟಿನದು, ತಲೆಗೂದಲಿನ ಪಾತ್ರ ನಮ್ಮ ಪ್ಯಾಂಟು, ಸೀರೆ, ಚೂಡಿದಾರಗಳದು.

ಹೆಚ್ಚಿನವರ ಗಮನಕ್ಕೆ ಬಾರದ ಸಂಗತಿ ಮುಂದಿನದು. ಎಷ್ಟೇ ಹೊತ್ತು ಕುಳಿತು ಹೊರಳಾಡಿದರೂ, ಕುಳಿತಿರುವ ತನಕ ಶಾಕ್ ಇಲ್ಲ. ಬಟ್ಟೆಯ ಮೇಲಿನ ಆವೇಶಕ್ಕೆ ಎದುರಾದ ಆವೇಶ ಸೀಟಿನ ಮೇಲೆ ಕೂದಲೆಳೆಯ ದೂರದಲ್ಲಿಯೇ ಇರುತ್ತದೆ. ಒಂದರ ಪರಿಣಾಮವನ್ನು ಇನ್ನೊಂದು ಅಲ್ಲಿಂದಲ್ಲಿಗೇ ತೊಡೆದುಹಾಕುತ್ತದೆ. ನಾವು ಏಳುತ್ತೇವೆ ನೋಡಿ, ಆಗ ಎರಡೂ ಬೇರ್ಪಡುತ್ತವೆ. ಆವೇಶದ ಮೊತ್ತ ಅಷ್ಟೇ ಇದ್ದರೂ ನಡುವಿನ ದೂರ ಬೆಳೆದಂತೆ ವೋಲ್ಟೇಜು ಏರುತ್ತ ಹೋಗುತ್ತದೆ. ಸೀಟು ಬಿಟ್ಟು ನೆಲಕ್ಕೆ ಕಾಲಿಡುವ ಒಂದೆರಡು ಸೆಕೆಂಡುಗಳಲ್ಲಿ ಕೆಲವೇ ವೋಲ್ಟುಗಳು ಸಾವಿರಗಟ್ಟಲೆ ಆಗಿಬಿಡುತ್ತವೆ.

ಪರಸ್ಪರ ಸೆಳೆಯುತ್ತಿರುವ ಎರಡನ್ನು ಎಳೆದು ದೂರ ಮಾಡಲು ಯಾರೋ ದುಡಿಯಬೇಕು. ಆ ದುಡಿಮೆ ನಮ್ಮ ತೊಡೆಗಳದು. ಆದ್ದರಿಂದ ಬೆರಳ ತುದಿಯಲ್ಲಿ ಸಿಡಿಯುವ ಕಿಡಿಗೆ ಇಂಧನ ಒದಗಿಸಿದ್ದು ಪೆಟ್ರೋಲಲ್ಲ, ಬೆಳಿಗ್ಗೆ ತಿಂದ ಇಡ್ಲಿ.

ಯಾವ ವಸ್ತು ಯಾವುದರ ಜೊತೆ ಸೇರಿದರೆ ಧನ, ಯಾವುದರ ಜೊತೆ ಋಣ ಎಂಬ ಅನುಕ್ರಮವನ್ನು ಸ್ವೀಡನ್ನಿನ ಭೌತವಿಜ್ಞಾನಿ ಯೋಹಾನ್ ಕಾರ್ಲ್ ವಿಲ್ಕೆ 1757ರಲ್ಲೇ ಪಟ್ಟಿ ಮಾಡಿದ್ದ. ಇಂದಿನ ಪಟ್ಟಿಯಲ್ಲಿ ಚರ್ಮ, ಉಣ್ಣೆ, ನೈಲಾನ್, ರೇಷ್ಮೆ ಒಂದು ಕಡೆ, ಪಾಲಿಯೆಸ್ಟರ್, ಪಿ.ವಿ.ಸಿ., ಟೆಫ್ಲಾನ್ ಇನ್ನೊಂದು ಕಡೆ. ಹತ್ತಿ ಹೆಚ್ಚುಕಡಿಮೆ ನಡುವೆ. ಪಟ್ಟಿಯಲ್ಲಿ ದೂರ ದೂರ ಇರುವ ಎರಡು ಸೇರಿದರೆ ಸಾಮಾನ್ಯವಾಗಿ ಶಾಕ್ ಜೋರು. ಇಷ್ಟು ಹಳೆಯ ವಿದ್ಯಮಾನದ ಒಳಗುಟ್ಟು ಪೂರ್ತಿ ಬಿಡಿಸಿದ್ದಾಗಿದೆಯೇ ಎಂದರೆ, ಇಲ್ಲ. ದಾಟುವುದು ಎಲೆಕ್ಟ್ರಾನುಗಳೋ, ಅಯಾನುಗಳೋ, ವಸ್ತುವಿನ ಸೂಕ್ಷ್ಮ ಚೂರುಗಳೋ ಎಂಬ ವಾದ ಭೌತವಿಜ್ಞಾನಿಗಳ ನಡುವೆ ಇಂದಿಗೂ ಜೀವಂತ.

ಹಗ್ಗದಲ್ಲಿ ತೂಗಿದ ಹುಡುಗ

ಮನುಷ್ಯನ ಮೈಯಲ್ಲಿ ಆವೇಶ ತುಂಬಿಡಬಹುದು ಎಂದು ತೋರಿಸಿದ್ದು ಲಂಡನ್ನಿನ ಸ್ಟೀಫನ್ ಗ್ರೇ. ಬಟ್ಟೆಗೆ ಬಣ್ಣ ಹಾಕುವ ಕಸುಬಿನಿಂದ ಬಂದವನು, ವಯಸ್ಸಾದ ಮೇಲೆ ಚಾರ್ಟರ್‌ಹೌಸ್ ಎಂಬ ಧರ್ಮಸಂಸ್ಥೆಯ ಆಶ್ರಯದಲ್ಲಿದ್ದವನು. 1730ರಲ್ಲಿ ಅವನು ಒಬ್ಬ ಹುಡುಗನನ್ನು ಕೂದಲಿನ ಹಗ್ಗಗಳಲ್ಲಿ ಅಡ್ಡಡ್ಡ ತೂಗುಹಾಕಿ, ಉಜ್ಜಿದ ಗಾಜಿನ ಕೊಳವೆಯನ್ನು ಅವನ ಕಾಲಿನ ಬಳಿ ಹಿಡಿದ. ಹುಡುಗನ ಮುಖ, ಕೈಗಳ ಕಡೆಗೆ ಲೋಹದ ತೆಳು ಹಾಳೆಯ ಚೂರುಗಳು ಹಾರಿ ಬಂದವು. ಸುದ್ದಿ ಕೇಳಿದ ಪ್ಯಾರಿಸ್ಸಿನ ವಿಜ್ಞಾನಿ ಡು ಫೇ ಪರರ ಮಕ್ಕಳನ್ನು ಬಿಟ್ಟು ತನ್ನನ್ನೇ ತೂಗುಹಾಕಿಸಿಕೊಂಡ. ಅವನ ಜೊತೆಗಾರ ನೊಲೆ ಕೈಯನ್ನು ಹತ್ತಿರ ತಂದಾಗ ಚಟ್ ಎಂದು ಕಿಡಿ ಹಾರಿತು. ನೋವು ಇಬ್ಬರಿಗೂ ಆಯಿತು.

ಆ ಹಗ್ಗಗಳ ಕೆಲಸವನ್ನು ಈಗ ನಮ್ಮ ಚಪ್ಪಲಿಗಳು ಮಾಡುತ್ತಿವೆ. ರಬ್ಬರು, ಫೋಮು, ಪಾಲಿಯುರಿಥೇನ್ ಅಟ್ಟೆಗಳು ಮೈಯಲ್ಲಿನ ಆವೇಶವನ್ನು ನೆಲಕ್ಕೆ ಇಳಿಯಗೊಡುವುದಿಲ್ಲ. ಅತ್ತ ಸೀಟಿನಲ್ಲಿ ಉಳಿದ ಎದುರು ಆವೇಶವನ್ನು ಕಾರು ಟೈರುಗಳ ಮೂಲಕ ನೆಲಕ್ಕೆ ಒಪ್ಪಿಸಿ ಸುಮ್ಮನಾಗುತ್ತದೆ. ನಾವು ಬಾಗಿಲಿಗೆ ಕೈ ಚಾಚುವ ಹೊತ್ತಿಗೆ ಒಂದು ಕಡೆ ಹತ್ತು ಸಾವಿರ ವೋಲ್ಟಿನ ಬೆರಳು, ಇನ್ನೊಂದು ಕಡೆ ಸೊನ್ನೆಯ ಹತ್ತಿರವಿರುವ ಲೋಹ. ನಡುವಿನ ಗಾಳಿ ಒಂದು ಮಿಲಿಮೀಟರಿಗೆ ಸುಮಾರು ಮೂರು ಸಾವಿರ ವೋಲ್ಟ್ ತಡೆದೀತು. ಅದಕ್ಕಿಂತ ಹೆಚ್ಚಾದರೆ ಮುಟ್ಟುವ ಮೊದಲೇ ಸೀಳಿ ದಾರಿ ಬಿಡುತ್ತದೆ. ರಾತ್ರಿ ಹೊತ್ತು ಆ ನೀಲಿ ಕಿಡಿ ಕಣ್ಣಿಗೂ ಕಾಣಿಸುತ್ತದೆ.

ಹತ್ತು ಸಾವಿರ ವೋಲ್ಟ್, ಆದರೂ ಬದುಕಿದ್ದೇವೆ

ಮನೆಯ ಸಾಕೆಟ್ಟಿನ 230 ವೋಲ್ಟ್ ಪ್ರಾಣ ತೆಗೆಯಬಲ್ಲದು. ಇದು ಹತ್ತು ಸಾವಿರ ವೋಲ್ಟಾದರೂ ಒಂದು ಬೈಗುಳದಲ್ಲಿ ಮುಗಿಯುತ್ತದೆ. ಸಾಕೆಟ್ಟಿನ ಹಿಂದೆ ನಿಲ್ಲದೆ ಹರಿಯುವ ಒಂದು ಜಾಲವಿದೆ. ನಮ್ಮ ಮೈಯಲ್ಲಿರುವುದು ಒಂದೇ ಒಂದು ತುಣುಕು. ಲೆಕ್ಕ ಹಾಕಿದರೆ ಸುಮಾರು ಒಂಬತ್ತು ಲಕ್ಷ ಕೋಟಿ ಎಲೆಕ್ಟ್ರಾನುಗಳಷ್ಟು ಆವೇಶ. ಸಂಖ್ಯೆ ಬಜೆಟ್ಟಿನಂತೆ ಕೇಳಿಸಿದರೂ ಅದರಲ್ಲಿರುವ ಶಕ್ತಿ ಐದನೇ ಮಹಡಿಯಿಂದ ಬೀಳಲು ಸಿದ್ಧವಾದ ಒಂದು ಹನಿ ನೀರಿನದು. ಎತ್ತರ ಬಹಳ, ನೀರು ಒಂದೇ ಹನಿ. ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ಕಳೆಯುವಷ್ಟರಲ್ಲಿ ಎಲ್ಲವೂ ಖಾಲಿ. ಅಷ್ಟಾದರೂ ನೋಯುವುದೇಕೆಂದರೆ, ಇಡೀ ಕಿಡಿ ಬೆರಳ ತುದಿಯ ಸೂಜಿಮೊನೆಯಷ್ಟು ಜಾಗಕ್ಕೆ ಇಳಿಯುತ್ತದೆ. ಮೈಯಲ್ಲಿ ನರತುದಿಗಳು ಅತಿ ದಟ್ಟವಾಗಿರುವ ಜಾಗಗಳಲ್ಲಿ ಅದೂ ಒಂದು.

ಎರಡು, ಮೂರು ಸಾವಿರ ವೋಲ್ಟಿಗಿಂತ ಕಡಿಮೆಯಿದ್ದರೆ ನಮಗೆ ಗೊತ್ತೇ ಆಗುವುದಿಲ್ಲ. ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಿಗೆ ತಲೆನೋವು ಇದೇ. ಕೆಲವು ಚಿಪ್ಪುಗಳು ನೂರು ವೋಲ್ಟಿಗೂ ಸುಟ್ಟುಹೋಗುತ್ತವೆ. ಪೀಣ್ಯ, ಎಲೆಕ್ಟ್ರಾನಿಕ್ಸ್ ಸಿಟಿಯ ಜೋಡಣಾ ಕೊಠಡಿಗಳಲ್ಲಿ ದುಡಿಯುವವರನ್ನು ಕೇಳಿ: ಮಣಿಕಟ್ಟಿಗೆ ಪಟ್ಟಿ, ಹಿಮ್ಮಡಿಗೆ ಪಟ್ಟಿ ಕಟ್ಟಿಕೊಳ್ಳದೆ ಮೇಜಿನ ಹತ್ತಿರ ಬಿಡುವುದಿಲ್ಲ. ಮಣಿಕಟ್ಟಿನ ಪಟ್ಟಿಯ ತಂತಿಯಲ್ಲಿ ಹತ್ತು ಲಕ್ಷ ಓಮ್‌ನ ಒಂದು ಪುಟ್ಟ ರೆಸಿಸ್ಟರ್ ಇರುತ್ತದೆ. ಆವೇಶ ಕಿಡಿಯಾಗಿ ಸಿಡಿಯದೆ ಮೆಲ್ಲಗೆ ಸೋರಿಹೋಗಲಿ ಎಂದು ಪಟ್ಟಿಯ ಏರ್ಪಾಡು; ರೆಸಿಸ್ಟರ್ ಮುಖ್ಯವಾಗಿ ಅದನ್ನು ತೊಟ್ಟವರ ಸುರಕ್ಷತೆಗೆ. ಕಾರಿಳಿಯುವವರಿಗೆ ಬೇಕಾದ ಉಪಾಯವೂ ಇದರಲ್ಲೇ ಅಡಗಿದೆ. ಅದಕ್ಕೆ ಮುಂದೆ ಬರೋಣ.

ಮಂಗಳೂರಿನಲ್ಲಿ ಇಲ್ಲ, ಕಲಬುರಗಿಯಲ್ಲಿ ಉಂಟು

ಜುಲೈ ತಿಂಗಳಲ್ಲಿ ಇದೇ ಕಾರು, ಇದೇ ಸೀರೆ, ಇದೇ ಚಪ್ಪಲಿ. ಶಾಕ್ ಮಾತ್ರ ಇಲ್ಲ. ತೇವದ ಗಾಳಿ ತಂತಿಯಂತೆ ವಿದ್ಯುತ್ತನ್ನು ಹರಿಸಿಬಿಡುತ್ತದೆ ಎಂದು ಹಲವರು ತಿಳಿದಿದ್ದಾರೆ, ಹಾಗಲ್ಲ. ತೇವವಿದ್ದಾಗ ಬಟ್ಟೆ, ಸೀಟು, ಚಪ್ಪಲಿಯ ಅಟ್ಟೆ ಎಲ್ಲದರ ಮೇಲೂ ಕಣ್ಣಿಗೆ ಕಾಣದ ನೀರಿನ ಪೊರೆ ಕೂರುತ್ತದೆ. ಬೇರ್ಪಟ್ಟ ಆವೇಶ ಆ ಪೊರೆಯ ಮೇಲೆಯೇ ಹರಿದು ಮತ್ತೆ ಕೂಡಿಕೊಳ್ಳುತ್ತದೆ. ಕರಾವಳಿಯಲ್ಲಿ ಈ ಪೊರೆ ವರ್ಷದ ಬಹುಕಾಲ ಇರುತ್ತದೆ. ಬೆಂಗಳೂರಿನಲ್ಲಿ ಫೆಬ್ರುವರಿ, ಮಾರ್ಚ್ ಮಧ್ಯಾಹ್ನಗಳಲ್ಲಿ ಆರ್ದ್ರತೆ ಶೇ 30ರ ಆಸುಪಾಸಿಗೆ ಇಳಿದಾಗ ಅದು ಆರಿಹೋಗುತ್ತದೆ. ಕಲಬುರಗಿ, ವಿಜಯಪುರ, ರಾಯಚೂರಿನವರಿಗಂತೂ ಒಣಗಾಳಿ ಮನೆಯ ನೆಂಟ.

ಎ.ಸಿ. ಇದಕ್ಕೆ ತನ್ನ ಪಾಲು ಸೇರಿಸುತ್ತದೆ. ನಿಂತ ಕಾರಿನ ಅಡಿಯಲ್ಲಿ ತೊಟ್ಟಿಕ್ಕುವ ನೀರು ಕಂಡು ರೇಡಿಯೇಟರ್ ಒಡೆಯಿತೆಂದು ಗಾಬರಿಯಾಗುವವರಿದ್ದಾರಲ್ಲ, ಆ ನೀರು ಒಳಗಿನ ಗಾಳಿಯಿಂದ ಎ.ಸಿ. ಹಿಂಡಿ ತೆಗೆದದ್ದು. ಚಳಿ ದೇಶಗಳಲ್ಲಿ ಇದೇ ಕೆಲಸವನ್ನು ಹೀಟರ್ ಬೇರೆ ಬಗೆಯಲ್ಲಿ ಮಾಡುತ್ತದೆ. ಹಿಮ ಬೀಳುವಷ್ಟು ತಣ್ಣಗಿನ ಗಾಳಿ ಹಿಡಿಯಬಲ್ಲ ನೀರೇ ಅತ್ಯಲ್ಪ. ಅದನ್ನು ಬಿಸಿ ಮಾಡಿದರೆ ಮರಳುಗಾಡಿನಷ್ಟು ಒಣ. ಷಿಕಾಗೊ ಕಡೆ ನೆಲೆಸಿದ ಮಗ, ಸೊಸೆಯ ಮನೆಗೆ ಜನವರಿಯಲ್ಲಿ ಹೋದ ಅಪ್ಪ, ಅಮ್ಮಂದಿರು ಉಣ್ಣೆಯ ಕೋಟು ತೊಟ್ಟು ಕಾರಿಳಿದಾಗ ಕಲಿಯುವ ಮೊದಲ ಪಾಠಗಳಲ್ಲಿ ಇದೂ ಒಂದು.

ಬಾಲದ ಸರಪಳಿಯ ಮೇಲೆ ಭರವಸೆ

ಹಳೆಯ ಪೆಟ್ರೋಲ್ ಟ್ಯಾಂಕರುಗಳ ಹಿಂದೆ ನೆಲಕ್ಕೆ ಉಜ್ಜುತ್ತ ಬರುತ್ತಿದ್ದ ಸರಪಳಿ ಹಲವರ ನೆನಪಿನಲ್ಲಿದೆ. ಅದನ್ನು ನೋಡಿ ಕಾರಿಗೂ ಒಂದು ರಬ್ಬರಿನ ಬಾಲ ಕಟ್ಟಿಸಿಕೊಳ್ಳುವವರಿದ್ದಾರೆ. ಅಂಗಡಿಯವರೂ ಬೇಡವೆನ್ನುವುದಿಲ್ಲ. ಟ್ಯಾಂಕರಿನ ಸಮಸ್ಯೆಯೇ ಬೇರೆ: ಕೊಳವೆಯಲ್ಲಿ ಹರಿಯುವ, ಟ್ಯಾಂಕಿನಲ್ಲಿ ಕುಲುಕುವ ಇಂಧನದಿಂದ ಆವೇಶ ಹುಟ್ಟುತ್ತದೆ. ಈಗ ಬಂಕಿನಲ್ಲಿ ಇಂಧನ ಇಳಿಸುವ ಮುನ್ನ ಟ್ಯಾಂಕರಿಗೆ ಭೂಸಂಪರ್ಕದ ತಂತಿಯನ್ನು ಕಚ್ಚಿಸುವುದು ಅದಕ್ಕಾಗಿ.

ಕಾರಿಗೆ ಬಾಲ ಬೇಡ, ಟೈರುಗಳೇ ಸಾಕು. ಟೈರಿನ ರಬ್ಬರಿಗೆ ಬೆರೆಸುವ ಇಂಗಾಲದ ಮಸಿ ಅದಕ್ಕೆ ಕಪ್ಪು ಬಣ್ಣವನ್ನಷ್ಟೇ ಅಲ್ಲ, ವಿದ್ಯುತ್ತನ್ನು ಹರಿಸುವ ಗುಣವನ್ನೂ ಕೊಡುತ್ತದೆ. 1990ರ ದಶಕದಲ್ಲಿ ಇಂಧನ ಉಳಿಸಲೆಂದು ಮಸಿಯ ಬದಲು ಸಿಲಿಕಾ ಹೆಚ್ಚು ಬೆರೆಸಿದ ಟೈರುಗಳು ಬಂದಾಗ ಈ ಗುಣ ಕುಂದಿತು. ಅದಕ್ಕೆಂದೇ ಅಂಥ ಟೈರುಗಳಲ್ಲಿ ನೆಲ ಮುಟ್ಟುವ ಭಾಗದಿಂದ ಒಳಗಿನವರೆಗೆ ಮಸಿ ತುಂಬಿದ ರಬ್ಬರಿನ ತೆಳುವಾದ ಪಟ್ಟಿಯನ್ನು ಹಾಯಿಸುತ್ತಾರೆ. ಓಡುವಾಗ ಕಾರಿನಲ್ಲಿ ಸೇರಿದ ಅಷ್ಟಿಷ್ಟು ಆವೇಶ ನಿಂತ ಸ್ವಲ್ಪ ಹೊತ್ತಿಗೇ ಇಳಿದುಹೋಗುತ್ತದೆ. ಬಾಲ ಕಟ್ಟಿದರೆ ಕಾರಿನ ಆವೇಶ ಇನ್ನೂ ಬೇಗ ಇಳಿದೀತು, ಒಪ್ಪೋಣ. ನಮ್ಮ ಮೈಯಲ್ಲಿರುವುದನ್ನು ಅದು ಏನು ಮಾಡೀತು?

ಕೈ ಮೊದಲು, ಸೊಂಟ ಆಮೇಲೆ

ಉಪಾಯ ಬಿಡಿಗಾಸಿನ ಖರ್ಚಿಲ್ಲದ್ದು. ಬಾಗಿಲು ತೆರೆಯಿರಿ. ಸೀಟಿನಿಂದ ಏಳುವ ಮೊದಲೇ ಕಾರಿನ ಬರಿ ಲೋಹದ ಭಾಗವೊಂದನ್ನು ಹಿಡಿಯಿರಿ. ಹಿಡಿದುಕೊಂಡೇ ಏಳಿ, ಎರಡೂ ಕಾಲು ನೆಲದ ಮೇಲೆ ಊರಿ ನಿಂತ ಮೇಲೆ ಕೈ ಬಿಡಿ. ಸೀಟಿನಿಂದ ಬೇರ್ಪಡುವಾಗ ಏರಬೇಕಾದ ವೋಲ್ಟೇಜು ಏರುವುದೇ ಇಲ್ಲ. ಹುಟ್ಟಿದ ಆವೇಶ ಹುಟ್ಟಿದ ಹಾಗೆಯೇ ಕೈಯ ಮೂಲಕ ಬಾಡಿಗೆ ಮರಳುತ್ತದೆ. ಕಾರ್ಖಾನೆಯ ಮಣಿಕಟ್ಟಿನ ಪಟ್ಟಿ ಮಾಡುವುದೂ ಇದನ್ನೇ. ಎದ್ದು ನಿಂತ ಮೇಲೆ ಮುಟ್ಟಿದರೆ ಹೊತ್ತು ಮೀರಿತು. ಕ್ರಮ ತಪ್ಪಿದರೆ ಉಪಾಯವೇ ಇಲ್ಲ.

ಯಾವ ಲೋಹ? ಇಲ್ಲಿ ಕಾರುಗಳು ನಮ್ಮನ್ನು ಏಮಾರಿಸುತ್ತವೆ. ಒಳಗಡೆ ಬೆಳ್ಳಿಯಂತೆ ಹೊಳೆಯುವ ಬಾಗಿಲ ಹಿಡಿ ಬಹುತೇಕ ಕಾರುಗಳಲ್ಲಿ ಕ್ರೋಮ್ ಲೇಪಿಸಿದ ಪ್ಲಾಸ್ಟಿಕ್. ಬಾಡಿಗೂ ಅದಕ್ಕೂ ವಿದ್ಯುತ್ ಸಂಪರ್ಕವಿಲ್ಲ. ಬಾಗಿಲ ಚೌಕಟ್ಟಿನ ಬಣ್ಣ ಬಳಿದ ಭಾಗ ಏನೂ ಇಲ್ಲದ್ದಕ್ಕಿಂತ ವಾಸಿ, ಆದರೆ ಬಣ್ಣವೂ ಒಂದು ಅವಾಹಕವೇ. ನಂಬಬಹುದಾದದ್ದು ಬಾಗಿಲು ಮುಚ್ಚಿದಾಗ ಬೀಗ ಕಚ್ಚಿಕೊಳ್ಳುವ ಉಕ್ಕಿನ ಕೊಂಡಿ. ನಮ್ಮ ಕಾರುಗಳಲ್ಲಿ ಚಾಲಕರ ಬಲಭುಜದ ಹಿಂದಿನ ಕಂಬದಲ್ಲಿ ಅದು ಇರುತ್ತದೆ. ಮೊದಮೊದಲು ಕೈ ಹುಡುಕಾಡುತ್ತದೆ, ವಾರದಲ್ಲಿ ರೂಢಿಯಾಗುತ್ತದೆ.

ಮರೆತು ಇಳಿದಾಯಿತು, ಬಾಗಿಲು ಹಾಕಬೇಕು. ಆಗ ಕೀಲಿಕೈಯನ್ನೋ ಒಂದು ನಾಣ್ಯವನ್ನೋ ಬಿಗಿಯಾಗಿ ಹಿಡಿದು ಅದರ ತುದಿಯನ್ನು ಲೋಹಕ್ಕೆ ತಾಗಿಸಿ. ಕಿಡಿ ಹಾರುತ್ತದೆ, ಆದರೆ ನಾಣ್ಯದ ಅಂಚಿನಲ್ಲಿ. ಬೆರಳುಗಳಿಗೆ ಅದು ಹರಡಿಕೊಂಡು ಬರುವುದರಿಂದ ನೋವಿಲ್ಲ. ಗುಂಡಿ ಒತ್ತುವ ಈಗಿನ ಪ್ಲಾಸ್ಟಿಕ್ ಕೀಲಿಗಳು ಈ ಸುಖವನ್ನು ಕಿತ್ತುಕೊಂಡಿವೆ. ಹಲವು ಕೀಲಿಗಳ ಹೊಟ್ಟೆಯೊಳಗೆ ತುರ್ತಿಗೆಂದು ಲೋಹದ ಕೀಲಿಯೊಂದನ್ನು ಅಡಗಿಸಿಟ್ಟಿರುತ್ತಾರೆ, ಬೇಕಾದರೆ ಎಳೆದುಕೊಳ್ಳಿ. ಇನ್ನೊಂದು ದಾರಿ, ಕಿಟಕಿಯ ಗಾಜಿನ ಮೇಲೆ ಅಂಗೈಯನ್ನು ಕೆಲವು ಸೆಕೆಂಡು ಊರುವುದು. ಗಾಜು ಆವೇಶವನ್ನು ನಿಧಾನವಾಗಿ ಹರಿಯಗೊಡುತ್ತದೆ, ಕಿಡಿಯಾಗಲು ಬಿಡುವುದಿಲ್ಲ. ಏನೂ ಇಲ್ಲದಿದ್ದರೆ ಬೆರಳ ತುದಿ ಬಿಟ್ಟು ಗೆಣ್ಣಿನಿಂದಲೋ ಮೊಣಕೈಯಿಂದಲೋ ತಾಗಿಸಿ. ಶಾಕ್ ಅಷ್ಟೇ, ಆದರೆ ಅಲ್ಲಿಯ ಚರ್ಮ ಅಷ್ಟು ಸೂಕ್ಷ್ಮವಲ್ಲ.

ಮೂಲಕ್ಕೇ ಕೈ ಹಾಕುವವರು ಸೀಟನ್ನು ನೋಡಲಿ. ಸರ್ಕಾರಿ ಅಂಬಾಸಡರ್‌ಗಳ ಸೀಟಿಗೆ ಹೊದಿಸುತ್ತಿದ್ದ ಬಿಳಿ ಟರ್ಕಿ ಟವೆಲ್ಲನ್ನು ನಾವೆಲ್ಲ ಅಧಿಕಾರದ ಗುರುತೆಂದು ನಕ್ಕದ್ದುಂಟು. ಈ ಒಂದು ವಿಷಯದಲ್ಲಿ ಸಾಹೇಬರದೇ ಸರಿ. ಹತ್ತಿ ತೇವವನ್ನು ಹಿಡಿದಿಡುತ್ತದೆ, ಹತ್ತಿಯ ಮೇಲೆ ಹತ್ತಿ ಉಜ್ಜಿದರೆ ಹುಟ್ಟುವ ಆವೇಶವೂ ಕಡಿಮೆ. ಸಿಂಥೆಟಿಕ್ ಕವರಿನ ಮೇಲೆ ಸಿಂಥೆಟಿಕ್ ಪ್ಯಾಂಟು ಎಂಬ ಜೋಡಿಯನ್ನು ಬೇಸಿಗೆಯ ಮಟ್ಟಿಗಾದರೂ ಬೇರ್ಪಡಿಸಿ. ಕವರು ಬದಲಿಸಲಾಗದಿದ್ದರೆ ಬಟ್ಟೆ ಮೆದುವಾಗಿಸುವ ಕಂಡಿಷನರನ್ನು ಬಹಳಷ್ಟು ನೀರಿಗೆ ಸ್ವಲ್ಪವೇ ಬೆರೆಸಿ, ಬಟ್ಟೆಯ ಸೀಟಿನ ಮೇಲೆ ಸಿಂಪಡಿಸಿ ಒಣಗಿಸಬಹುದು; ಮೊದಲು ಮೂಲೆಯೊಂದರಲ್ಲಿ ಕಲೆಯಾಗದೆಂದು ನೋಡಿಕೊಂಡು. ಚರ್ಮದ ಅಟ್ಟೆಯ ಚಪ್ಪಲಿಯಿದ್ದರೆ ಇನ್ನೂ ಒಳ್ಳೆಯದು.

ಬಂಕಿನಲ್ಲಿ ಮಾತ್ರ ತಮಾಷೆಯಲ್ಲ

ಇಲ್ಲಿಯವರೆಗಿನದು ಕಿರಿಕಿರಿಯ ಕಥೆ. ಪೆಟ್ರೋಲ್ ತುಂಬುವ ಜಾಗದಲ್ಲಿ ಕಥೆ ಬದಲಾಗುತ್ತದೆ. ಗಾಳಿಯೊಂದಿಗೆ ಹದವಾಗಿ ಬೆರೆತ ಪೆಟ್ರೋಲ್ ಆವಿ ಹೊತ್ತಿಕೊಳ್ಳಲು ಒಂದು ಮಿಲಿಜೂಲಿನ ಕಾಲುಭಾಗದಷ್ಟು ಶಕ್ತಿ ಸಾಕು. ಹತ್ತು ಸಾವಿರ ವೋಲ್ಟಿನ ನಮ್ಮ ಬೆರಳಲ್ಲಿ ಅದರ ಮೂವತ್ತು ಪಟ್ಟು ಇರುತ್ತದೆ. ಬೆರಳಿಗೆ ಗೊತ್ತಾಗಿಯೂ ಗೊತ್ತಾಗದಂಥ ಸಣ್ಣ ಚುರುಕೂ ಸಾಕಾಗುತ್ತದೆ. ಡೀಸೆಲ್‌ಗೆ ಈ ಭಯ ಅಷ್ಟಿಲ್ಲ. ನಮ್ಮ ಸಾಮಾನ್ಯ ಉಷ್ಣತೆಯಲ್ಲಿ ಅದು ಹೊತ್ತಿಕೊಳ್ಳುವಷ್ಟು ಆವಿಯಾಗುವುದಿಲ್ಲ.

ಅಮೆರಿಕದ ಬಹುತೇಕ ಬಂಕುಗಳಲ್ಲಿ ಇಂಧನ ತುಂಬಿಕೊಳ್ಳುವವರು ಗ್ರಾಹಕರೇ. ನಾಜಲ್ಲನ್ನು ಕಾರಿನ ಟ್ಯಾಂಕಿಗೆ ಸಿಕ್ಕಿಸಿ, ತಾನಾಗಿ ಹರಿಯುವಂತೆ ಕೊಂಡಿ ಹಾಕಿ, ಚಳಿ ತಾಳದೆ ಕೆಲವರು ಮತ್ತೆ ಕಾರೊಳಗೆ ಕೂರುತ್ತಾರೆ. ತುಂಬಿತೆಂದು ಇಳಿದು ಬಂದು ನೇರವಾಗಿ ನಾಜಲ್ಲಿಗೆ ಕೈ ಹಾಕುತ್ತಾರೆ. ಸೀಟಿನಿಂದ ಹೊತ್ತು ತಂದ ಆವೇಶ ಆವಿಯ ನಡುವೆಯೇ ಕಿಡಿಯಾಗುತ್ತದೆ. ಅಲ್ಲಿನ ಪೆಟ್ರೋಲಿಯಂ ಎಕ್ವಿಪ್‌ಮೆಂಟ್ ಇನ್‌ಸ್ಟಿಟ್ಯೂಟ್ ಎಂಬ ಉದ್ಯಮ ಸಂಘ ಇಂಥ ನೂರೈವತ್ತಕ್ಕೂ ಹೆಚ್ಚು ಬೆಂಕಿ ಪ್ರಕರಣಗಳ ವರದಿ ಕಲೆಹಾಕಿದಾಗ ಮತ್ತೆ ಮತ್ತೆ ಕಂಡದ್ದು ಇದೇ ಚಿತ್ರ: ಒಣ ಹವೆ, ನಡುವೆ ಕಾರೊಳಗೆ ಹೋಗಿ ಕುಳಿತದ್ದು, ಇಳಿದು ಮೊದಲು ನಾಜಲ್ ಮುಟ್ಟಿದ್ದು. ಎಲ್ಲರೂ ಬೊಟ್ಟು ಮಾಡುವ ಮೊಬೈಲ್ ಫೋನು ಕಾರಣವೆಂದು ಖಚಿತವಾದ ಪ್ರಕರಣ ಅದರಲ್ಲಿ ಒಂದೂ ಸಿಗಲಿಲ್ಲ.

ನಮ್ಮಲ್ಲಿ ಬಂಕಿನ ಹುಡುಗರೇ ತುಂಬುವುದರಿಂದ, ಅವರು ಕಾರಿಗೆ ಹತ್ತಿ ಇಳಿಯದಿರುವುದರಿಂದ, ಈ ಬಗೆಯ ಅಪಾಯ ಕಡಿಮೆ. ಆದರೂ ತುಂಬುತ್ತಿರುವಾಗ ಇಳಿದು ಟ್ಯಾಂಕಿನ ಬಾಯಿಯ ಬಳಿ ಹೋಗಿ ಮೀಟರ್ ನೋಡುತ್ತ ನಿಲ್ಲುವವರು, ಮುಚ್ಚಳ ತಾವೇ ತಿರುಗಿಸುವವರು, ದೂರದಲ್ಲೇ ಕಾರಿನ ಲೋಹವನ್ನೊಮ್ಮೆ ಮುಟ್ಟಿ ಬರುವುದು ಕ್ಷೇಮ. ಅಮೆರಿಕದಲ್ಲಿರುವ ಬಂಧುಗಳಿಗೆ ಹೇಳಬೇಕಾದ್ದು ಎರಡು ಮಾತು. ನಾಜಲ್ ಸಿಕ್ಕಿಸಿದ ಮೇಲೆ ಚಳಿಯಾದರೂ ಹೊರಗೇ ನಿಲ್ಲಿ. ಅಕಸ್ಮಾತ್ ಟ್ಯಾಂಕಿನ ಬಾಯಲ್ಲಿ ಬೆಂಕಿ ಕಂಡರೆ ನಾಜಲ್ಲನ್ನು ಹೊರಗೆಳೆಯಬೇಡಿ; ಎಳೆದರೆ ಪೆಟ್ರೋಲ್ ಚೆಲ್ಲಿ ಉರಿ ಹರಡುತ್ತದೆ. ಅದನ್ನು ಅಲ್ಲೇ ಬಿಟ್ಟು ದೂರ ಸರಿಯಿರಿ, ಪಂಪು ನಿಲ್ಲಿಸಲು ಬಂಕಿನವರನ್ನು ಕೂಗಿ ಕರೆಯಿರಿ.